ನಾಗತ್ತೆ ಕೆಚ್ಚಿದ ತಂತಿಗಳು

ರಿಪೇರಿಗೆ ಬಂದ ಮೌಲಾಲಿ ಹಾಡಿನ ಪೆಟ್ಟಿಗೆಯ ಹಿಂಬದಿಯ ಹಲಗೆ ಬಿಚ್ಚುತ್ತಿದ್ದಂತೆ ಗಂಜಿಯ ವಾಸನೆ ಬಂತು. ಹಳೆಯ ಗಂಜಿ, ಕುಳ್ಳಿನ ಬೂದಿ, ಕಾದ ಧೂಳು ಮೂರೂ ಸೇರಿದ ವಾಸನೆ. ನಾರಾಯಣಪೇಟೆಯ ನಮ್ಮ ಮಗ್ಗದ ಮನೆಗೆ ಹೊಸ್ತಿಲಿನಿಂದಲೇ ಅದು ಇತ್ತು. ಬಂದವರ ಸೆರಗಿಗೆ ಹತ್ತಿಕೊಂಡು ಬಸ್‌ಸ್ಟ್ಯಾಂಡಿನವರೆಗೂ ಅವರನ್ನು ಕಳಿಸಿ ಬರುತ್ತಿತ್ತು. ಆ ಮನೆ ಮಾರಿ ಎಷ್ಟೋ ವರ್ಷವಾಯಿತು. ಕೊಂಡವರು ಮಗ್ಗದ ಗುಂಡಿಗಳಿಗೆ ಮಣ್ಣು ತುಂಬಿ, ಮೇಲೆ ನುಣ್ಣನೆಯ ಟೈಲ್ಸ್ ಹಾಸಿ, ಮೊಬೈಲ್ ಅಂಗಡಿ ತೆರೆದಿದ್ದಾರೆ. ಚಾರ್ಜರ್ ಕೊಳ್ಳುವ ನೆಪದಲ್ಲಿ ನಾನೂ ಒಮ್ಮೆ ಹೋಗಿ, ಅಪ್ಪ ಕಾಲು ಇಳಿಬಿಟ್ಟು ಕೂರುತ್ತಿದ್ದ ಜಾಗದ ಮೇಲೆ ಸ್ವಲ್ಪ ಹೊತ್ತು ನಿಂತು ಬಂದೆ. ಚಾರ್ಜರ್ ಕೆಲಸ ಮಾಡಲಿಲ್ಲ. ಮನೆಯ ವಾಸನೆಯೂ ಮನೆಯ ಜೊತೆಗೇ ಹೋಯಿತೆಂದು ತಿಳಿದಿದ್ದೆ. ಅದು ಇಷ್ಟು ದಿನ ನನ್ನ ಪಡಸಾಲೆಯಲ್ಲೇ, ಈ ಕೆಟ್ಟ ಜ್ಯೂಕ್‌ಬಾಕ್ಸಿನ ಹೊಟ್ಟೆಯೊಳಗೆ, ಸದ್ದಿಲ್ಲದೆ ಬಾಡಿಗೆಗಿತ್ತು.

ಅಪ್ಪ ಗದ್ವಾಲಕ್ಕೆ ಹೋದದ್ದು ಸೀರೆ ಇಡಲು ಕಬ್ಬಿಣದ ಬೀರು ತರುವುದಕ್ಕೆ. ಸ್ಟೇಷನ್ ಹತ್ತಿರ ಯಾವುದೋ ಹೋಟೆಲು ಮುಚ್ಚಿ ಸಾಮಾನು ಮಾರುತ್ತಿದ್ದರಂತೆ. ಸಂಜೆ ಲಾರಿಯಿಂದ ಇಳಿದದ್ದು ಇದು: ಆಳೆತ್ತರದ ಮರದ ಮೈ, ಕಮಾನಿನಂಥ ಗಾಜಿನ ತಲೆ, ಒಳಗೆ ಸಾಲಾಗಿ ನಿಂತ ಇಪ್ಪತ್ತನಾಲ್ಕು ತಟ್ಟೆ, ಎದೆಯ ಮೇಲೆ ಒಂದರಿಂದ ನಲವತ್ತೆಂಟರವರೆಗೆ ಬಟನ್ನು. ನಂಬರು ಒತ್ತಿದರೆ ಒಳಗಿನ ಕೈಯೊಂದು ಆ ಹಾಡಿನ ತಟ್ಟೆಯನ್ನು ಹುಡುಕಿ ಎತ್ತಿಡುತ್ತದೆ ಎಂದು ಅಪ್ಪ ಬೀದಿಯಲ್ಲೇ ನಿಂತು ವಿವರಿಸಿದ. ಬೀರು ಎಲ್ಲಿ ಎಂದು ಅವ್ವ ಕೇಳಿದಳು. "ಇದಕ್ಕೂ ಕದ ಐತಲ್ಲ" ಎಂದ. ಅವ್ವ ಮುಂದಿನ ಆರು ತಿಂಗಳು ಸೀರೆಗಳನ್ನೆಲ್ಲ ಅದರ ನೆತ್ತಿಯ ಮೇಲೆ ಪೇರಿಸಿಟ್ಟು ತನ್ನ ಆಕ್ಷೇಪಣೆಯನ್ನು ದಾಖಲಿಸಿದಳು.

ನಮ್ಮ ಮನೆಯ ಬಾಗಿಲು ತಲೆ ತಗ್ಗಿಸಿ ಬರುವವರಿಗಾಗಿ ಇಟ್ಟದ್ದು. ಜ್ಯೂಕ್‌ಬಾಕ್ಸಿಗೆ ಆ ಅಭ್ಯಾಸವಿರಲಿಲ್ಲ. ಬಟನ್ನುಗಳಿದ್ದ ಮೇಲಿನ ಭಾಗವನ್ನು ಬಿಚ್ಚಿದರೆ ಒಳಗೆ ಹೋದೀತು ಎಂದಾಯಿತು. ಬಿಚ್ಚಿದರೆ ಅದು ಬಟನ್ನಿಗೊಂದರಂತೆ ಕರುಳಿನಂಥ ನಲವತ್ತೆಂಟು ತಂತಿಗಳ ಒಂದು ಕಂತೆಯಿಂದ ಕೆಳಗಿನ ಮೈಗೆ ಅಂಟಿಕೊಂಡಿತ್ತು. ಅಪ್ಪ ಸೀರೆ ಕತ್ತರಿಸುವ ಕತ್ತರಿ ತರಿಸಿದ. ಅಡಿಗಲ್ಲು ಇಡುವ ಮಂತ್ರಿಯ ಗಾಂಭೀರ್ಯದಿಂದ ಕಂತೆಯನ್ನು ಒಂದೇ ಏಟಿಗೆ ಕತ್ತರಿಸಿದ. ಕರೆಂಟಿನ ದಪ್ಪ ತಂತಿ ಬೇರೆಯಾಗಿದ್ದುದರಿಂದ ಅದೊಂದು ಬಚಾವಾಯಿತು. ಎರಡೂ ಭಾಗ ಒಳಗೆ ಬಂದವು. ಊರಿನ ವೈರಿಂಗಿನವನು ಬಂದು ನೋಡಿ, ಹೋಟೆಲಿನ ಹೊಗೆ ಕುಡಿದು ತಂತಿಗಳ ಬಣ್ಣವೆಲ್ಲ ಒಂದೇ ಆಗಿದೆ, ಯಾವುದಕ್ಕೆ ಯಾವುದೆಂದು ದೇವರಿಗೂ ತಿಳಿಯದು ಎಂದು ಚಹಾ ಕುಡಿದು ಹೋದ. ದೇವರನ್ನು ಬಿಟ್ಟು ಅಪ್ಪ ತನ್ನ ಅಕ್ಕ ನಾಗತ್ತೆಗೆ ಹೇಳಿಕಳಿಸಿದ.

ನಾಗತ್ತೆಯನ್ನು ಮಕ್ತಲ್‌ಗೆ ಕೊಟ್ಟಿತ್ತು. ಹೊಸ ಹಾಸು ಹೂಡುವಾಗಲೆಲ್ಲ ಉಟ್ಕೂರ್ ಮೇಲಿನ ಬಸ್ಸು ಹಿಡಿದು ಬರುತ್ತಿದ್ದಳು, ಕೆಚ್ಚುವುದಕ್ಕೆ. ನಿಮ್ಮಲ್ಲಿ ಮಗ್ಗದ ಮನೆಯವರಿದ್ದರೆ ಅದೇನೆಂದು ಹೇಳಬೇಕಾಗಿಲ್ಲ. ಉಳಿದವರಿಗೆ ಇಷ್ಟು: ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳೇ ಹಾಸು; ಅದು ಮುಗಿದಾಗ ಅದನ್ನು ಪೂರ್ತಿ ತೆಗೆಯುವುದಿಲ್ಲ. ಬಾಚಣಿಗೆಯಂಥ ಹಣಿಗೆಯಲ್ಲಿ ಗೇಣುದ್ದ ಹಳೆಯ ಎಳೆ ಉಳಿಸಿ, ಪ್ರತಿಯೊಂದರ ತುದಿಗೂ ಹೊಸ ಎಳೆಯ ತುದಿಯನ್ನು ಬೂದಿ ಹಚ್ಚಿದ ಬೆರಳಲ್ಲಿ ಹೊಸೆದು ಸೇರಿಸುತ್ತಾರೆ. ಸಾವಿರಾರು ಎಳೆ, ಎಡದಿಂದ ಬಲಕ್ಕೆ, ಒಂದೂ ಆಚೀಚೆ ಆಗದಂತೆ. ಆಮೇಲೆ ಹಳೆಯದನ್ನು ಎಳೆದರೆ ಹೊಸದು ಅದರ ಹಿಂದೆಯೇ ಬರುತ್ತದೆ. ಕೆಚ್ಚಿದ ಜಾಗ ಮುಂದೆ ಬಂದಾಗ ಅದನ್ನು ಕತ್ತರಿಸಿ ಬಿಸಾಕಿ ಸೀರೆ ಶುರುಮಾಡುತ್ತಾರೆ. ನಾಗತ್ತೆ ಜೀವಮಾನವಿಡೀ ಮಾಡಿದ ಕೆಲಸ ಹೀಗೆ ಒಂದು ಸೀರೆಯಲ್ಲೂ ಇಲ್ಲ. ಅವ್ವ ಆ ತುಂಡುಗಳಿಂದ ಉಪ್ಪಿನಕಾಯಿ ಭರಣಿಯ ಬಾಯಿ ಕಟ್ಟುತ್ತಿದ್ದಳು. ನನಗೂ ಕೆಚ್ಚಲು ಕಲಿಸೆಂದು ಒಮ್ಮೆ ಕೈ ಚಾಚಿದ್ದೆ. ಅತ್ತೆ ಬೆರಳು ಮುಟ್ಟಿ ನೋಡಿ, "ಬೆವರು ಭಾಳ ಐತಿ. ನೀ ಸಾಲಿ ಕಲಿ" ಎಂದಳು. ಹಾಗೆ ನಾನು ಸಾಲಿಯ ಮೇಡಮ್ಮಾದೆ.

ತಂತಿಗಳನ್ನು ನೋಡಿ ಅವಳು ಹೆದರಲಿಲ್ಲ. ತಾಮ್ರದ ಮೇಲೆ ಆ ಕಾಲದವರು ನೂಲಿನ ಹೊದಿಕೆ ನೇಯ್ದಿದ್ದರು. "ಇದಕ್ಕೂ ಸೀರಿ ಉಡಿಸ್ಯಾರ, ನೋಡು" ಎಂದು ಸಮಾಧಾನಪಟ್ಟು, ಬೂದಿಯ ಬಟ್ಟಲು ಪಕ್ಕಕ್ಕೆ ಇಟ್ಟುಕೊಂಡು ಕುಳಿತಳು. ಎರಡು ಕಡೆಯ ತಂತಿಗಳನ್ನೂ ಹಾಸಿನಂತೆ ಹರವಿ, ಎಡದಿಂದ ಮೊದಲನೆಯದಕ್ಕೆ ಎಡದಿಂದ ಮೊದಲನೆಯದನ್ನು ಹೊಸೆದಳು. ಪ್ರತಿ ಸಂದಿನ ಮೇಲೆ ಆಗ ಮಗ್ಗದಲ್ಲಿದ್ದ ಕುಂಕುಮ ಬಣ್ಣದ ನೂಲು ಸುತ್ತಿ ಗಂಜಿ ಸವರಿದಳು. ಎರಡು ದಿನ ಹಿಡಿಯಿತು. ಮೂರನೆಯ ದಿನ ಓಣಿಯವರೆಲ್ಲ ಸೇರಿದರು, ಅಪ್ಪ ಊದುಬತ್ತಿ ಹಚ್ಚಿ, ಶುಭವಾಗಲೆಂದು ಒಂದನೆಯ ನಂಬರಿನ ಭಕ್ತಿಗೀತೆಯ ಬಟನ್ನು ಒತ್ತಿದ. ತಟ್ಟೆ ಎದ್ದಿತು, ತಿರುಗಿತು. ಹೊರಬಂದದ್ದು ನಲವತ್ತೆಂಟನೆಯದು: ಡೋಲು, ಕಹಳೆ, ನಡುನಡುವೆ ಒಬ್ಬ ಹೆಂಗಸಿನ ಕುಡಿದ ನಗು. ಹಿರಿಯರು ಕೈಮುಗಿದವರು ಮುಗಿದಂತೆಯೇ ನಿಂತಿದ್ದರು.

ಕೆಚ್ಚುವಾಗ ಗಾಜು ಒಡೆಯಬಾರದೆಂದು ಅಪ್ಪ ಮೇಲಿನ ಭಾಗವನ್ನು ಹಾಸಿಗೆಯ ಮೇಲೆ ಬೋರಲು ಮಲಗಿಸಿದ್ದ. ಅದರ ಎಡ ಬಲವಾಗಿತ್ತು, ಬಲ ಎಡವಾಗಿತ್ತು. ಮಗ್ಗ ಎಂದೂ ಬೋರಲು ಮಲಗುವುದಿಲ್ಲ. ನಾಗತ್ತೆಗೆ ಆ ಅನುಮಾನ ಬರುವ ಕಾರಣವೇ ಇರಲಿಲ್ಲ. ಒಂದು ಎಳೆ ತಪ್ಪದವಳು ನಲವತ್ತೆಂಟನ್ನೂ ತಪ್ಪಿದ್ದಳು, ಅದೂ ಬಹಳ ಕ್ರಮವಾಗಿ. ಅವಳು ಆ ದಿನ ಉಣ್ಣಲಿಲ್ಲ. ಎಲ್ಲ ಬಿಚ್ಚಿ ಮತ್ತೆ ಕೆಚ್ಚುತ್ತೇನೆ ಎಂದು ಬೂದಿಗೆ ಕೈ ಹಾಕಿದಳು. ಅಪ್ಪ ಬಟ್ಟಲು ಎತ್ತಿಟ್ಟ.

"ಬ್ಯಾಡ ಅಕ್ಕಾ. ನಿನ್ನ ಕೈದು ಏನೂ ಈ ಮನ್ಯಾಗ ಉಳ್ಯಂಗಿಲ್ಲ. ಒಂದು ತಪ್ಪರ ಇರ್ಲಿ."

ಮರುದಿನ ಪೆಟ್ಟಿಗೆಯ ಮೇಲೆ ಅಪ್ಪನ ಫರ್ಮಾನು ಅಂಟಿತು: ಹಾಡು ಬೇಕಾದವರು ಮುಂದಿನಿಂದ ಎಣಿಸಿ ಹಿಂದಿನಿಂದ ಒತ್ತತಕ್ಕದ್ದು. ನಮ್ಮ ಮನೆಯ ಮಕ್ಕಳು ಕಳೆಯುವ ಲೆಕ್ಕದಲ್ಲಿ ಗಟ್ಟಿಯಾದದ್ದು ಹೀಗೆ. ನಾಗತ್ತೆಯ ಹಾಡು ಹದಿನೇಳನೆಯದು, ಯಾರದೋ ಉರ್ದು ಗಜಲು. ಅದಕ್ಕೆ ಮೂವತ್ತೆರಡು ಒತ್ತಬೇಕು. ಅರ್ಥ ಅವಳಿಗೆ ಅಷ್ಟಕ್ಕಷ್ಟೆ. ಎರಡನೆಯ ಸಾಲಿಗೆ ಮುಂಚೆ ಹಾಡುವವಳು ಉಸಿರು ಎಳೆದುಕೊಳ್ಳುವುದು ಸಣ್ಣಗೆ ಕೇಳುತ್ತಿತ್ತು. ಅದು ಬಂದಾಗ ಕೆಚ್ಚುವ ಕೈ ನಿಲ್ಲಿಸಿ, "ಹಾಂ, ಇಲ್ಲಿ ಜೋಡಿಸ್ಯಾಳ" ಎನ್ನುತ್ತಿದ್ದಳು. ಅವಳು ತೀರಿಕೊಂಡ ವರ್ಷ ಮಗ್ಗಗಳು ನಿಂತವು. ಪೆಟ್ಟಿಗೆ ಯಾವಾಗ ನಿಂತಿತೋ ಯಾರೂ ಗಮನಿಸಲಿಲ್ಲ. ಅಪ್ಪ ಅವ್ವ ಹೋದ ಮೇಲೆ, ಮನೆ ಮಾರುವಾಗ, ಬೇರೆ ಯಾರಿಗೂ ಬೇಡವಾದ್ದರಿಂದ ಅದು ನನ್ನ ಪಾಲಿಗೆ ಬಂತು.

ನಿವೃತ್ತಿಯಾದ ಮೇಲೆ ಅದನ್ನು ಹಾಡಿಸಬೇಕೆಂಬ ಹುಚ್ಚು ಹಿಡಿಯಿತು. ಮೊಬೈಲಿನಲ್ಲಿ ಒಬ್ಬ ಪರದೇಶದ ಅಜ್ಜ ರಿಪೇರಿ ಕಲಿಸುತ್ತಾನೆ. ಅವನು ಹೇಳಿದಂತೆ ಮೊದಲು ಫ್ಯೂಜ್ ನೋಡಿದೆ. ಫ್ಯೂಜೂ ನನ್ನನ್ನು ನೋಡಿತು. ಸ್ವಿಚ್ಚು ಒರೆಸಿದೆ, ಬಟನ್ನಿಗೆ ಎಣ್ಣೆ ಬಿಟ್ಟೆ, ಒಂದು ದೀಪ ಎರಡು ಸೆಕೆಂಡು ಹತ್ತಿ ನನ್ನ ಜನ್ಮ ಸಾರ್ಥಕವಾಯಿತು ಎನ್ನುವಷ್ಟರಲ್ಲಿ ಆರಿತು. ಕಡೆಗೆ ಗದ್ವಾಲದಿಂದ ಮೌಲಾಲಿಯನ್ನು ಕರೆಸಿದೆ. ಹಳೆಯ ರೇಡಿಯೊಗಳಲ್ಲಿ ಪಳಗಿದ ಕೈ ಅವನದು. ಹಲಗೆ ತೆಗೆದು ಕುಂಕುಮ ಬಣ್ಣದ ಪಟ್ಟಿಗಳ ಮೇಲೆ ಬೆರಳಾಡಿಸಿದ.

"ಏನಮ್ಮಾ ಇದು, ತಂತಿತಂತಿಗೂ ತಾಯತ ಕಟ್ಟ್ಯಾರ?"

ಹೇಳಿದೆ. ಕೇಳಿದ. ಆಮೇಲೆ, ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದು ಹೇಳುವ ದನಿಯಲ್ಲಿ, ಇಷ್ಟು ಜೋಡು ಇದ್ದಲ್ಲಿ ಕೆಡುಕು ಅಲ್ಲೇ ಇರುತ್ತದೆ, ಪೂರಾ ಕಂತೆ ಕೊಯ್ದು ಹೊಸದು ಹಾಕಬೇಕು, ಹಾಡು ಬರಬೇಕೆಂದರೆ ಬೇರೆ ದಾರಿಯಿಲ್ಲ ಎಂದ. ಕತ್ತರಿ ತೆಗೆದು ನೆಲದ ಮೇಲೆ ಇಟ್ಟ. ಮೂವತ್ತೆರಡು ಒತ್ತಿ ಆ ಗಜಲು ಇನ್ನೊಮ್ಮೆ ಕೇಳಬೇಕೆಂದೇ ಇವನನ್ನು ಕರೆಸಿದ್ದು. ಕೇಳುವುದಕ್ಕೆ ಲೋಕದಲ್ಲಿ ಉಳಿದಿರುವ ನಾಗತ್ತೆಯ ಕೈಯನ್ನೇ ಕೊಯ್ಯಬೇಕು. ಮೊದಲು ಒಂದೊಂದನ್ನೂ ಪರೀಕ್ಷೆ ಮಾಡಪ್ಪ, ಕೆಟ್ಟದ್ದನ್ನಷ್ಟೇ ಕತ್ತರಿಸು ಎಂದೆ. ಮೇಡಮ್ಮು ಹೇಳಿದ್ದಕ್ಕೆ ಅವನು ಹೆಚ್ಚು ವಾದಿಸಲಿಲ್ಲ.

ಮೀಟರಿನ ಒಂದು ಕಡ್ಡಿ ಸಂದಿನ ಈಚೆ, ಇನ್ನೊಂದು ಆಚೆ. ತಂತಿ ಜೀವಂತವಿದ್ದರೆ ಮೀಟರು ಕೂಗುತ್ತದೆ. ಮೊದಲನೆಯದು ಕೂಂ ಎಂದಿತು. ಎರಡನೆಯದೂ ಎಂದಿತು. ಹತ್ತು ದಾಟಿದ ಮೇಲೆ ಮೌಲಾಲಿ ತಾನೇ ಗಟ್ಟಿಯಾಗಿ ಎಣಿಸತೊಡಗಿದ. ನಾನು ಗೋಡೆಗೆ ಒರಗಿ ಕೂತು ಬೆವರುವ ಕೈಗಳನ್ನು ಸೀರೆಗೆ ಒರೆಸಿಕೊಳ್ಳುತ್ತಿದ್ದೆ. ನಲವತ್ತೆಂಟೂ ಕೂಗಿದವು. ಅವನು ಕತ್ತರಿಯನ್ನು ಚೀಲಕ್ಕೆ ಹಾಕಿ, ಟಾರ್ಚು ಹಿಡಿದು ಪೆಟ್ಟಿಗೆಯ ತಳಕ್ಕೆ ತಲೆ ತೂರಿಸಿ, ತುಂಬ ಹೊತ್ತಾದ ಮೇಲೆ ಮುಖವೆಲ್ಲ ಮಸಿಯಾಗಿ ಹೊರಬಂದ. ತಟ್ಟೆ ತಿರುಗಿಸುವ ಮೋಟರು ಸುಟ್ಟಿತ್ತು, ಸದ್ದು ಮಾಡುವ ಭಾಗ ಕರಗಿ ಗಟ್ಟಿಯಾಗಿತ್ತು. ಇದರ ಸಾಮಾನು ಈಗ ದುನಿಯಾದಲ್ಲೇ ಸಿಗುವುದಿಲ್ಲವಂತೆ.

"ಅಮ್ಮಾ, ಜೋಡೆಲ್ಲಾ ಬರೋಬರಿ ಅದಾವು" ಎಂದ. "ಹಾಡೋದ ಹೋಗೈತಿ."

ಚಹಾ ಕೊಟ್ಟೆ. ಕುಡಿದ. ಹಲಗೆ ಮುಚ್ಚಲು ಎದ್ದವನಿಗೆ, ಮುಚ್ಚುವ ಮುಂಚೆ ಮೂವತ್ತೆರಡನೆಯದನ್ನು ಇನ್ನೊಂದು ಸಲ ಮುಟ್ಟಪ್ಪ ಎಂದೆ. ಯಾಕೆಂದು ಕೇಳಲಿಲ್ಲ. ಎಡದಿಂದ ಎಣಿಸಿಕೊಂಡು ಹೋಗಿ ಕಡ್ಡಿ ಇಟ್ಟ. ಕೂಂ ಎಂದಿತು. ಒಂದೇ ಸ್ವರ, ಏರದು, ಇಳಿಯದು, ನಡುವೆ ಉಸಿರು ತೆಗೆದುಕೊಳ್ಳುವುದಿಲ್ಲ. ನಾನು ಸಾಕು ಎನ್ನಲಿಲ್ಲ. ಗದ್ವಾಲದ ಬಸ್ಸಿಗೆ ಹೊತ್ತಾಗುತ್ತಿದ್ದರೂ ಮೌಲಾಲಿ ಕಡ್ಡಿ ಎತ್ತಲಿಲ್ಲ.