ಈರುಳ್ಳಿ ಹೆಚ್ಚುವ ಮೇಜಿನಿಂದ ಗ್ರಿಲ್ ಕಡೆಗೆ

ಬೆಳಗಿನ ಆರು ಗಂಟೆ. ಶಿವಾಜಿನಗರದ ಮಾರುಕಟ್ಟೆಯಲ್ಲಿ ನಲವತ್ತಾರರ ಸುಮೈರಾ ಒಂದೊಂದೇ ಟೊಮೆಟೊ ಒತ್ತಿ ನೋಡುತ್ತಿದ್ದಾರೆ. ಅಂಗಡಿಯವನಿಗೆ ರೇಗುತ್ತದೆ. "ಅಕ್ಕಾ, ಟೊಮೆಟೊ ತಗೋತೀರೋ, ನಾಡಿ ನೋಡ್ತೀರೋ?" ಇವರು ತಲೆ ಎತ್ತುವುದಿಲ್ಲ. "ಮೆತ್ತಗಿರೋದು ಸಾರಿಗೆ ಹಾಕ್ಕೊಳ್ಲಿ. ನಂಗೆ ಗಟ್ಟಿದೇ ಬೇಕು." ಎಂಟು ಕಿಲೋ ಆರಿಸಿಕೊಂಡು ಇಂದಿರಾನಗರದ ಬಸ್ ಹತ್ತುತ್ತಾರೆ.

ಮಾಂಸದ ದಪ್ಪ ತುಂಡನ್ನು ಗ್ರಿಲ್ಲಿನ ಕಾದ ಕಂಬಿಗಳ ಮೇಲೆ ಸುಟ್ಟು ಕೊಡುವ ಅಲ್ಲಿನ ಪುಟ್ಟ ಸ್ಟೇಕ್ ಹೋಟೆಲಿನಲ್ಲಿ ಒಂಬತ್ತು ವರ್ಷದಿಂದ ಅವರದು ಹೆಚ್ಚುವ ಕೆಲಸ. ಟೊಮೆಟೊ, ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸಣ್ಣಗೆ ಹೆಚ್ಚಿ ನಿಂಬೆ ಹಿಂಡಿದರೆ ಸಾಲ್ಸಾ. ನಮ್ಮ ಕೋಸಂಬರಿಯ ದೂರದ ನೆಂಟ ಎನ್ನಿ. ಅವರ ಬಗ್ಗೆ ಬರೆಯಲು ಜೊತೆಗಿದ್ದ ನಾನು, ಮಿಕ್ಸಿಗೆ ಹಾಕಬಾರದೇ ಎಂದು ಬಾಯಿ ತಪ್ಪಿ ಕೇಳಿದೆ, ಬೈಸಿಕೊಂಡೆ. "ನೀರಾಗೋಗತ್ತೆ ಮೇಡಂ! ಹಲ್ಲಿಗೆ ಸಿಗ್ಬೇಕು." ಹೊಗಳಿಕೆ ಮಾತ್ರ ಗ್ರಿಲ್ ಮುಂದೆ ನಿಂತವರಿಗೆ.

ಗ್ರಿಲ್ ಒಮ್ಮೆ ಇವರ ಕೈಗೂ ಬಂದಿತ್ತು. ಎರಡು ವರ್ಷದ ಹಿಂದೆ, ಗ್ರಿಲ್ ನೋಡಿಕೊಳ್ಳುತ್ತಿದ್ದವರು ಮದುವೆಗೆಂದು ಊರಿಗೆ ಹೋದಾಗ. ಮನೆಯಲ್ಲಿ ಕಬಾಬಿಗೆ ಮಾಡುವಂತೆ ಹಿಂದಿನ ಸಂಜೆಯೇ ಮಾಂಸಕ್ಕೆ ಪಪ್ಪಾಯಿಕಾಯಿ ಅರೆದು ಹಚ್ಚಿಟ್ಟರು. ಗಟ್ಟಿ ಮಾಂಸ ಮೆತ್ತಗಾಗಲು ಮಾಡುವ ಉಪಾಯ ಅದು. ಆದರೆ ಸ್ಟೇಕಿಗೆ ಬರುವುದು ಅಂಡರ್‌ಕಟ್, ಎಮ್ಮೆ ಮಾಂಸದಲ್ಲೇ ಅತಿ ಮೃದುವಾದ ಭಾಗ. "ಅಯ್ಯೋ ಅಲ್ಲಾ! ಇಕ್ಕಳದಲ್ಲಿ ಎತ್ತಿದ್ರೆ ಉಪ್ಪಿಟ್ಟಿನ ಥರ ಉದುರ್ತಿದೆ. ಹನ್ನೊಂದು ತಟ್ಟೆ ವಾಪಸ್ ಬಂತು. ಬಾಗ್ಲು ಹಾಕ್ಕೊಂಡು ಅತ್ಬಿಟ್ಟೆ." ಮರುದಿನದಿಂದ ಮತ್ತೆ ಈರುಳ್ಳಿ.

ಆದರೂ ಹೆಣ್ಣುಮಗಳು ಸೋಲೊಪ್ಪಲಿಲ್ಲ. ಹೆಚ್ಚುತ್ತಲೇ ಗ್ರಿಲ್ ಕಡೆ ಒಂದು ಕಣ್ಣಿಟ್ಟು ಕಲಿತರು. ಉಪ್ಪು, ಕಾಳುಮೆಣಸು ಸಾಕು. ಒಂದೇ ಸಲ ತಿರುವಬೇಕು. ಇಳಿಸಿದ ಮೇಲೆ ರಸ ಒಳಗೇ ನಿಲ್ಲಲು ಐದು ನಿಮಿಷ ಮುಟ್ಟಕೂಡದು. ಕಳೆದ ವಾರ ಗ್ರಿಲ್ಲಿನವರು ಕೆಲಸ ಬಿಟ್ಟಾಗ, ತಾವೇ ಹೋಗಿ ಮಾಲೀಕ ಸುಗತ ಅವರನ್ನು ಕೇಳಿದರು. "ಇನ್ನೊಂದೇ ಚಾನ್ಸ್ ಕೊಡ್ತೀನಿ, ಈ ಭಾನುವಾರ. ಸರಿಹೋಗ್ಲಿಲ್ಲ ಅಂದ್ರೆ ಹೊರಗಿಂದ ಶೆಫ್ ಕರೆಸ್ತೀನಿ" ಎಂದರಂತೆ ಅವರು.

ಇವತ್ತೇ ಆ ಭಾನುವಾರ. ನಾನು ಅಡುಗೆಮನೆಯ ಮೂಲೆಯಲ್ಲಿ ನಿಂತಿದ್ದೇನೆ, ಪರೀಕ್ಷೆ ನನ್ನದೇ ಎಂಬಂತೆ. ಕಾದ ಕಂಬಿಗೆ ತಾಕಿದೊಡನೆ ಮಾಂಸ ಚುರ್ರೆನ್ನುತ್ತದೆ. ಸುಮೈರಾ ಬೆರಳಿನಿಂದ ಒತ್ತಿ ನೋಡಿ ಇಳಿಸುತ್ತಾರೆ, ಗಡಿಯಾರ ನೋಡುತ್ತಾ ಕಾಯುತ್ತಾರೆ. ಬಡಿಸುವ ಭಾರ್ಗವ್‌ಗೆ ಅವಸರ.

"ಅಕ್ಕಾ, ನಾಲ್ಕನೇ ಟೇಬಲ್‌ನವ್ರು ಕೇಳ್ತಿದ್ದಾರೆ!"

"ಕೇಳ್ಲಿ ಬಿಡು. ಐದು ನಿಮಿಷ ಅಂದ್ರೆ ಐದು ನಿಮಿಷ."

ಪಕ್ಕಕ್ಕೆ ಒಂದು ಸೌಟು ಸಾಲ್ಸಾ ಬಿದ್ದಮೇಲೆಯೇ ತಟ್ಟೆ ಹೊರಡುತ್ತದೆ. ಮಧ್ಯಾಹ್ನ ಮೂರರ ಹೊತ್ತಿಗೆ ನಲವತ್ತೆರಡು ತಟ್ಟೆ ಹೋಗಿವೆ. ಒಂದೂ ವಾಪಸ್ ಬಂದಿಲ್ಲ.

ಸುಗತ ಒಳಗೆ ಬರುತ್ತಾರೆ. ಗೋಡೆಯ ಡ್ಯೂಟಿ ಪಟ್ಟಿಯಲ್ಲಿ ಗ್ರಿಲ್ ಎಂದಿರುವ ಕಡೆ ಸುಮೈರಾ ಹೆಸರು ಬರೆದು ಹೋಗುತ್ತಾರೆ. ಸುಮೈರಾ ಹತ್ತಿರ ಹೋಗಿ ಅದನ್ನು ಎರಡು ಸಲ ಓದುತ್ತಾರೆ, ಕೈ ಒರೆಸಿಕೊಂಡು ನನ್ನತ್ತ ತಿರುಗುತ್ತಾರೆ.

"ನಾಳೆ ನಂಗೆ ವಾರದ ರಜೆ ಮೇಡಂ. ಆದ್ರೂ ಬರ್ತೀನಿ."