ಹಳದಿ ಮಾತ್ರೆಯ ಮಧ್ಯಾಹ್ನ

ಪಾಲಹಳ್ಳಿಯ ಚಿಕ್ಕತಾಯಮ್ಮನಿಗೆ ನೆಗಡಿ ಇರಲಿಲ್ಲ. ಆದರೂ ಮಧ್ಯಾಹ್ನ ಹಸುಗಳಿಗೆ ನೀರಿಟ್ಟು ಬಂದವಳೇ, ಪೆಟ್ಟಿಗೆ ಅಂಗಡಿಯಿಂದ ತಂದ ನೆಗಡಿಯ ಹಳದಿ ಮಾತ್ರೆಯನ್ನು ಎಲೆಅಡಿಕೆ ಚೀಲದಿಂದ ತೆಗೆದು ನುಂಗುತ್ತಿದ್ದಳು.

ಹಗಲು ಹೊತ್ತಿನಲ್ಲಿ ಹೆಂಗಸು ಚಾಪೆ ಹಾಸಿದರೆ ಆ ಮನೆಯಲ್ಲಿ ಎಲ್ಲರ ಕಣ್ಣೂ ಅವಳ ಮೇಲೆಯೇ. ಗಂಡ ನಂಜಪ್ಪ ಜಗಲಿಯಿಂದಲೇ ಕೂಗುತ್ತಿದ್ದ, "ಯಾಕಮ್ಮೀ, ಬಿದ್ಕಂಡೆ?"

"ಮಾತ್ರೆ ನುಂಗಿವ್ನಿ" ಅಂದರೆ ಮುಗಿಯಿತು, ಅವನೂ ದನಿ ತಗ್ಗಿಸುತ್ತಿದ್ದ. ಸುಸ್ತು ಅಂದರೆ ಯಾರೂ ನಂಬುತ್ತಿರಲಿಲ್ಲ. ಮೈ ಸೋತದ್ದಕ್ಕೂ ಸಾಕ್ಷಿ ಬೇಕಂತೆ!

ಆಮೇಲೆ ಮಾತ್ರೆಯ ಮಂಪರಿಗೆ ರೆಪ್ಪೆ ಭಾರವಾಗಿ, ಗೋಡೆ ಮೆಲ್ಲಗೆ ಕರಗಿ, ತವರಾದ ಹೇಮಗಿರಿಯ ಹೊಳೆ ಚಾಪೆಯ ಅಂಚಿಗೇ ಬಂದು ನಿಲ್ಲುತ್ತಿತ್ತು. ಲಂಗ ಎತ್ತಿಕೊಂಡು ಅವಳು ನೀರಿಗಿಳಿಯುತ್ತಿದ್ದಳು. ದಡದಲ್ಲಿ ಅವಳನ್ನು ಕೂಗಿ ಕರೆಯುವವರು ಯಾರೂ ಇರುತ್ತಿರಲಿಲ್ಲ. ಡೇರಿಗೆ ಹಾಲು ಹಾಕುವ ಹೊತ್ತಿಗೆ ಹೊಳೆ ತಾನಾಗಿ ಹಿಂದೆ ಸರಿಯುತ್ತಿತ್ತು.

ಒಂದು ಮಧ್ಯಾಹ್ನ ಹೊಳೆ ಇನ್ನೇನು ಬರುವುದರಲ್ಲಿತ್ತು. ಹುಲ್ಲಿನ ಹೊರೆ ಇಳಿಸಿ ಬಂದ ಸೊಸೆ ಅರ್ಪಿತ, ಬೆವರು ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಳು.

"ಅತ್ತೆ, ನಂಗೂ ಒಂದು ಮಾತ್ರೆ ಕೊಡಿ."

"ಏನಾಯ್ತವ್ವ? ನೆಗಡಿಯಾ?"

"ಇಲ್ಲ. ಏನೂ ಇಲ್ಲ."

ಚಿಕ್ಕತಾಯಮ್ಮ ಚೀಲದ ಬಾಯಿ ಬಿಚ್ಚಿದಳು. ಸೊಸೆಯ ಮುಖವನ್ನೇ ನೋಡಿದಳು. ಚೀಲವನ್ನು ಮತ್ತೆ ಬಿಗಿದು, ಗೋಡೆಯ ಕಡೆ ಸರಿದು ಚಾಪೆಯಲ್ಲಿ ಜಾಗ ಮಾಡಿದಳು.

"ನೀನು ನುಂಗಬ್ಯಾಡ ಕಣವ್ವ. ಬಾ, ಮಲಿಕೊ. ಯಾರಾದ್ರೂ ಕೇಳಿದ್ರೆ ನುಂಗವ್ಳೆ ಅಂತೀನಿ."