ಜೆರೇನಿಯಂ ಮುರಿಯುವಾಗ ನಾನು ಟ್ಯಾಂಕಿ ನೋಡುತ್ತಿದ್ದೆ

ನಮ್ಮ ಕಡೆ ಗಿಡವನ್ನು ಯಾರೂ ಕೇಳಿ ಪಡೆಯುವುದಿಲ್ಲ. ಕೇಳಿ ತಂದ ರೆಂಬೆ, ನಮ್ಮ ಮಾತಿನಲ್ಲಿ ಗೆಲ್ಲು, ಹಿಡಿಯುವುದಿಲ್ಲ, ಕದ್ದು ತಂದದ್ದು ವಾರದೊಳಗೆ ಚಿಗುರುತ್ತದೆ ಎಂಬುದು ಪುತ್ತೂರಿನಿಂದ ಸುಳ್ಯದವರೆಗೆ ಜಾತಿ, ಮತ, ಪಕ್ಷ ಯಾವುದರ ಭೇದವೂ ಇಲ್ಲದೆ ಎಲ್ಲರೂ ಒಪ್ಪಿಕೊಂಡಿರುವ ಏಕೈಕ ಸಿದ್ಧಾಂತ. ಇದರಲ್ಲಿ ಅತಿಥಿಯ ಕರ್ತವ್ಯ ಗೆಲ್ಲು ಮುರಿಯುವುದು. ಮನೆಯವನ ಕರ್ತವ್ಯ ಬೆನ್ನು ತಿರುಗಿಸಿ ನಿಲ್ಲುವುದು. ನಲವತ್ತು ವರ್ಷಗಳಿಂದ ನಾನು ಎರಡನ್ನೂ ಶ್ರದ್ಧೆಯಿಂದ ಪಾಲಿಸಿದ್ದೇನೆ. ಪುತ್ತೂರು ದರ್ಬೆಯ ನಮ್ಮ ಹಿತ್ತಲಿನಲ್ಲಿ ಇರುವ ದಾಸವಾಳಗಳಲ್ಲಿ ಒಂದಕ್ಕೂ ನ್ಯಾಯವಾದ ಹುಟ್ಟಿಲ್ಲ. ಆದ್ದರಿಂದ ಮುಂದೆ ಹೇಳುವ ಸಿಟ್ಟು ಹರಿಶ್ಚಂದ್ರನದಲ್ಲ, ಅನುಭವಸ್ಥನದು.

ಆ ಜೆರೇನಿಯಂ ಮೂಲತಃ ನನ್ನದಲ್ಲ, ಅಜ್ಜಾವರದ ಅಕ್ಕನದು. ವರ್ಷಗಳ ಹಿಂದೆ ಊಟಿಗೆ ಹೋದಾಗ ಅವಳು ಅದನ್ನು ನರ್ಸರಿಯಿಂದ ದುಡ್ಡು ಕೊಟ್ಟು ತಂದಿದ್ದಳು. ನಮ್ಮ ವಂಶದಲ್ಲಿ ಗಿಡಕ್ಕೆ ದುಡ್ಡು ಕೊಟ್ಟವರು ಅವಳೊಬ್ಬಳೇ. ಇಲ್ಲಿಯ ಅಂಗಡಿಗಳಲ್ಲಿ ಜೆರೇನಿಯಂ ಎಂದು ಮಾರುತ್ತಾರಲ್ಲ, ದಪ್ಪ ದಂಟು, ಮುಟ್ಟಿದರೆ ಘಾಟು ವಾಸನೆ, ಮೇಲಿನ ಎರಡು ಎಸಳು ಒಂದು ತರ, ಕೆಳಗಿನ ಮೂರು ಇನ್ನೊಂದು ತರ, ಅದಲ್ಲ ಇದು. ಇದರ ಎಲೆ ಬೆರಳು ಬಿಡಿಸಿದ ಅಂಗೈಯಂತೆ ಸೀಳಿರುತ್ತದೆ. ದಂಟು ತಂತಿಯಷ್ಟು ಸಪೂರ. ನೇರಳೆ ಹೂವಿನ ಐದು ಎಸಳೂ ಒಂದೇ ಅಳತೆ. ಹೂವು ಉದುರಿದ ಮೇಲೆ ಕಾಯಿ ಕೊಕ್ಕಿನಂತೆ ಉದ್ದಕ್ಕೆ ಚಾಚುವುದರಿಂದ ಅಕ್ಕ ಇದನ್ನು ಕೊಕ್ಕರೆ ಗಿಡ ಎನ್ನುತ್ತಿದ್ದಳು. ಮುಖ್ಯ ಸಂಗತಿ ಬೇರೆ: ಅಂಗಡಿಯದನ್ನು ಮುರಿದು ಊರಿದರೆ ಬರುತ್ತದೆ, ಇದು ಬರುವುದಿಲ್ಲ. ಇದರ ಜೀವವೆಲ್ಲ ಮಣ್ಣಿನೊಳಗಿನ ಗಂಟುಬೇರಿನಲ್ಲಿ. ಮೇಲಿನದು ಸತ್ತರೂ ಬೇರಿದ್ದರೆ ಮತ್ತೆ ಏಳುತ್ತದೆ. ಹಂಚಿಕೊಳ್ಳಬೇಕಾದರೆ ಬೇರನ್ನೇ ಸೀಳಬೇಕು.

ಹಾಗೆ ಸೀಳಿ ಅಕ್ಕ ನನಗೆ ಅರ್ಧ ಕೊಟ್ಟಿದ್ದಳು. ನಮ್ಮ ಸೆಕೆಗೆ, ನಮ್ಮ ಮಳೆಗೆ ಹೇಳಿ ಮಾಡಿಸಿದ ಗಿಡವಲ್ಲ ಅದು. ನಾನು ಚಟ್ಟಿಯ ಅರ್ಧಕ್ಕೆ ಕೆಂಪುಕಲ್ಲಿನ ಚೂರು ತುಂಬಿಸಿ, ಜೂನ್ ಬಂದರೆ ಜಗಲಿಗೆ, ಏಪ್ರಿಲ್ ಬಂದರೆ ಬಾವಿಕಟ್ಟೆಯ ನೆರಳಿಗೆ ಎಂದು ಪಲ್ಲಕ್ಕಿಯಂತೆ ಹೊತ್ತು ತಿರುಗಿ ಉಳಿಸಿಕೊಂಡೆ. ಡಿಸೆಂಬರಿನ ಬೆಳಗಿನ ಚಳಿಗೆ ಹತ್ತೋ ಹನ್ನೆರಡೋ ಹೂವು ಕೊಡುತ್ತಿತ್ತು. ಅಕ್ಕನದು ಅಂಗಳದ ಅಂಚಿನಲ್ಲಿ, ದನದ ಹಟ್ಟಿಯ ಮಾಡಿನ ಅಡಿಯಲ್ಲಿ ನೆಲದಲ್ಲೇ ಚೆನ್ನಾಗಿತ್ತು, ಅವಳ ಮಗ ಅಂಗಳಕ್ಕೆ ಸಿಮೆಂಟಿನ ಇಂಟರ್‌ಲಾಕ್ ಕಲ್ಲು ಹಾಸುವವರೆಗೆ. ಅಡಿಕೆ ಒಣಗಿಸಲು ಒಳ್ಳೆಯದಂತೆ, ಕಾರಿನ ಚಕ್ರಕ್ಕೆ ಕೆಸರಾಗುವುದಿಲ್ಲವಂತೆ. ಅಕ್ಕ ಮಂಗಳೂರಿನಲ್ಲಿ ಕಣ್ಣಿನ ಆಪರೇಷನ್ ಮುಗಿಸಿ ಹಿಂದಿರುಗುವಾಗ ಗಿಡ ಸಿಮೆಂಟಿನ ಅಡಿಗೆ ಹೋಗಿತ್ತು. ಹೊಸ ಕಣ್ಣಿನಲ್ಲಿ ಅವಳು ಮೊದಲು ನೋಡಿದ್ದು ಅದನ್ನು.

"ನಿನ್ನದು ಉಂಟಲ್ಲ?" ಎಂದು ಫೋನಿನಲ್ಲಿ ಕೇಳಿದಳು. "ಅರ್ಧ ನನಗೆ ವಾಪಸ್ ಕೊಡು."

ಹೂವು ಮುಗಿದ ಕೂಡಲೇ ಸೀಳಿ ತರುತ್ತೇನೆಂದು ಮಾತು ಕೊಟ್ಟೆ. ಆಮೇಲೆ ಪ್ರತಿ ಫೋನಿನಲ್ಲೂ ಅದೇ ಪ್ರಶ್ನೆ.

ಡಿಸೆಂಬರಿನಲ್ಲಿ ನಮ್ಮ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಊಟ ಮುಗಿದು, ವೀಳ್ಯ ಹಾಕಿ, ಹೆಂಗಸರು ಹಿತ್ತಲಿನ ಕಡೆಗೆ ತಿರುಗಿದರು. ಮುಂಚೂಣಿಯಲ್ಲಿ ಕಾಣಿಯೂರಿನ ಚಿಕ್ಕಮ್ಮ. ನನಗಿಂತ ಮೂರೇ ವರ್ಷ ದೊಡ್ಡವರು, ಆದರೆ ಗೆಲ್ಲು ಮುರಿಯುವುದರಲ್ಲಿ ಮೂರು ತಲೆಮಾರಿನ ಅನುಭವ. ಹೂವಿನ ಚಟ್ಟಿಯ ಹತ್ತಿರ ನಿಂತು "ಇದು ಎಂತ ಮಾರಾಯ?" ಎಂದರು.

"ಜೆರೇನಿಯಂ."

ಅಷ್ಟೇ ಹೇಳಿದೆ. ಬೇರಿನಿಂದ ಮಾತ್ರ ಬರುವಂಥದ್ದು, ಮುರಿದರೆ ಪ್ರಯೋಜನವಿಲ್ಲ ಎಂದು ಹೇಳಬಹುದಿತ್ತು. ಹೇಳಿದರೆ, ಮುರಿಯುತ್ತೀರಿ ಎಂಬುದು ನನಗೆ ಗೊತ್ತು ಎಂದಂತಾಗುತ್ತದೆ. ಊಟಕ್ಕೆ ಕರೆದವರಿಗೆ ಹಾಗೆ ಹೇಳುವುದುಂಟೇ? ನಾನು ಸಂಪ್ರದಾಯದಂತೆ ಬೆನ್ನು ತಿರುಗಿಸಿ, ತಾರಸಿಯ ಮೇಲಿನ ನೀರಿನ ಟ್ಯಾಂಕಿಯನ್ನು ದೇವಸ್ಥಾನದ ಗೋಪುರವನ್ನು ನೋಡುವ ಭಕ್ತಿಯಿಂದ ನೋಡುತ್ತಾ ನಿಂತೆ. ಹಿಂದಿನಿಂದ ಟಿಕ್, ಟಿಕ್ ಎಂಬ ಸದ್ದು. ಪ್ರಸಾದದ ಪ್ಲಾಸ್ಟಿಕ್ ತೊಟ್ಟೆಗಳ ಸರಬರ. ಒಮ್ಮೆ ಪರಕ್ ಎಂದು ಏನೋ ಕಿತ್ತು ಬಂದ ಸದ್ದು, ಮತ್ತೆ ಚಿಕ್ಕಮ್ಮನ ಕೆಮ್ಮು.

ಎಲ್ಲರೂ ಹೋದ ಮೇಲೆ ನೋಡಿದರೆ ಚಟ್ಟಿಯಲ್ಲಿ ಹೂವಿಲ್ಲ, ಮೊಗ್ಗಿಲ್ಲ, ಎಲೆಯೆಂಬುದು ಹೆಸರಿಗೂ ಇಲ್ಲ. ಸಪೂರ ದಂಟು ಮುರಿಯದಾಗ ಯಾರೋ ಜಗ್ಗಿದ್ದರು. ಗಂಟು ಅರ್ಧಕ್ಕೆ ಹರಿದು ಮೇಲೆ ಬಂದಿತ್ತು. ಅದನ್ನು ಒಳಗೆ ತುರುಕಿ, ಮಣ್ಣು ಮುಚ್ಚಿ, ಅಂಗೈಯಿಂದ ತಟ್ಟಿ ನಯ ಮಾಡಿದ್ದರು. ಮಣ್ಣಿನ ಮೇಲೆ ಐದು ಬೆರಳಿನ ಗುರುತು.

"ನೀನು ನೋಡಿದ್ದೀಯಾ?" ಎಂದು ಹೆಂಡತಿಯ ಮೇಲೆ ಹಾರಿದೆ.

"ನೋಡಿದೆ."

"ಮತ್ತೆ ಹೇಳ್ಬಾರ್ದಾ?"

"ನೀವು ಅಲ್ಲೇ ಇದ್ರಲ್ಲ. ಟ್ಯಾಂಕಿಯಲ್ಲಿ ಎಂತ ಇತ್ತು?"

ಆ ರಾತ್ರಿ ಪಾಯಸ ಉಳಿದಿತ್ತು. ನಾನು ಮುಟ್ಟಲಿಲ್ಲ.

ಮೂರು ವಾರ ಕಳೆದು ಚಿಕ್ಕಮ್ಮನ ಫೋನು. ಕ್ಷಮೆ ಕೇಳಲು ಎಂದುಕೊಂಡೆ. ಪಶ್ಚಾತ್ತಾಪಕ್ಕೆ ಮೂರು ವಾರ ಹೆಚ್ಚೇನಲ್ಲ ಎಂದು ಮನಸ್ಸನ್ನೂ ಸ್ವಲ್ಪ ಮೆದು ಮಾಡಿಕೊಂಡೆ.

"ಎಂತ ಮಾರಾಯ ನಿನ್ನ ಗಿಡ! ನಾಲ್ಕು ಊರಿದ್ದೆ, ನಾಲ್ಕೂ ಕೊಳೆತು ಹೋಯ್ತು. ಇಲ್ಲಿ ಯಾರದ್ದೂ ಬರ್ಲಿಲ್ಲ."

"ಅದು ಗೆಲ್ಲಿನಲ್ಲಿ ಬರುದಿಲ್ಲ ಚಿಕ್ಕಮ್ಮ."

"ಸುಮ್ಮನೆ ಹೇಳ್ಬೇಡ. ನನ್ನ ಕೈಯಲ್ಲಿ ಬಾರದ ಗೆಲ್ಲು ಇಲ್ಲ. ನೀನು ನೋಡಿರ್ಬೇಕು."

"ಎಂತ?"

"ನಾವು ಮುರಿಯುವಾಗ ನೋಡಿದ್ದೀ. ಮನೆಯವ ನೋಡಿದ್ರೆ ಹಿಡಿಯುದಿಲ್ಲ, ಗೊತ್ತಿಲ್ವಾ ನಿನಗೆ?"

"ನಾನು ನೋಡಲೇ ಇಲ್ಲ! ಟ್ಯಾಂಕಿ ನೋಡ್ತಿದ್ದೆ!"

"ಓರೆಗಣ್ಣಿಂದ ನೋಡಿರ್ತೀ."

ನನ್ನ ಗಿಡವನ್ನು ಕದ್ದವರ ಎದುರು, ಕದಿಯುವಾಗ ನಾನು ನೋಡಿಲ್ಲವೆಂದು ಆಣೆ ಮಾಡುವ ಸ್ಥಿತಿಗೆ ನಾನು ಬಂದಿದ್ದೆ. ಮಾಡಿದೆ ಕೂಡ. ಕೊನೆಗೆ ಅವರು, "ಆಗಲಿ, ಮುಂದಿನ ಸಲ ಬೇರು ಸಮೇತ ಒಂದು ತೆಗೆದಿಡು" ಎಂದು ದೊಡ್ಡ ಮನಸ್ಸಿನಿಂದ ನನ್ನನ್ನು ಮನ್ನಿಸಿ ಫೋನು ಇಟ್ಟರು.

ಅದೇ ಸಿಟ್ಟಿನಲ್ಲಿ ಚಟ್ಟಿ ಬೋರಲು ಹಾಕಿದೆ. ಗಂಟು ನಾಲ್ಕು ತುಂಡಾಗಿತ್ತು. ಮೂರು ಹಿಸುಕಿದರೆ ನೀರು. ನಾಲ್ಕನೆಯದು, ಹೆಬ್ಬೆರಳಿನಷ್ಟು, ಗಟ್ಟಿಯಿತ್ತು. ತುದಿಯಲ್ಲಿ ಸಾಸಿವೆಯಷ್ಟು ಕೆಂಪು ಮೊಳಕೆ. ಅರ್ಧ ಕೊಡುತ್ತೇನೆ ಎಂದಿದ್ದೆ. ಅರ್ಧ ಮಾಡಲು ಅಲ್ಲಿ ಏನೂ ಉಳಿದಿರಲಿಲ್ಲ. ಒಂದು ದಿನವಿಡೀ ಅದನ್ನು ನೋಡುತ್ತಾ ಕುಳಿತು, ಮರುದಿನ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಸುತ್ತಿ ಸುಳ್ಯದ ಬಸ್ಸು ಹತ್ತಿದೆ.

ಅಜ್ಜಾವರದ ಅಂಗಳ ಬ್ಯಾಂಕಿನ ನೆಲದಂತೆ ಹೊಳೆಯುತ್ತಿತ್ತು. ಅಕ್ಕ ಬಟ್ಟೆ ಬಿಡಿಸಿ, ತುಂಡನ್ನು ಕಣ್ಣಿನ ಹತ್ತಿರ ಹಿಡಿದು, "ಇಷ್ಟೇಯಾ?" ಎಂದಳು. ನಾನು ಪೂಜೆಯ ಕಥೆ ಹೇಳಿದೆ. ಅವಳು ನಗಲಿಲ್ಲ. ಅದಕ್ಕೆ ನಾನು ಇವತ್ತಿಗೂ ಋಣಿ.

"ಮಾವ, ಒಂದು ಚಟ್ಟಿ ತರ್ತೇನೆ" ಎಂದ ಅಳಿಯ, ಅಕ್ಕನ ಮಗ.

"ಚಟ್ಟಿಯದ್ದು ಎಂತ ಆಯ್ತು ಅಂತ ಕೇಳಿದ್ಯಲ್ಲ" ಎಂದಳು ಅಕ್ಕ. "ಅದು ಎಲ್ಲಿತ್ತೋ ಅಲ್ಲಿಯೇ ಬೇಕು. ಪಿಕ್ಕಾಸು ತಾ."

"ಅಮ್ಮ, ಇಂಟರ್‌ಲಾಕ್ ಒಂದು ತೆಗೆದ್ರೆ ಸುತ್ತ ಎಲ್ಲ ಸಡಿಲ ಆಗ್ತದೆ."

"ಆಗಲಿ. ಎರಡು ತೆಗಿ."

ಪಿಕ್ಕಾಸನ್ನು ನಾನೇ ತೆಗೆದುಕೊಂಡೆ. ಮೊದಲ ಏಟಿನಲ್ಲಿ ಚಿಕ್ಕಮ್ಮನೂ, ಎರಡನೆಯದರಲ್ಲಿ ಅಳಿಯನೂ, ಮೂರನೆಯದರಲ್ಲಿ ಟ್ಯಾಂಕಿಯೂ ಇದ್ದವು. ಎರಡು ಸಾಕಿತ್ತು, ಐದು ಕಲ್ಲು ಎದ್ದವು. ಅಳಿಯ ಎದ್ದ ಕಲ್ಲುಗಳನ್ನು ಒಂದೊಂದಾಗಿ ಎತ್ತಿ ಗೋಡೆಯ ಬದಿಗೆ ಒಟ್ಟಿದ. ಕೆಂಪುಕಲ್ಲಿನ ಚೂರು ಹಾಕಿ, ಮಣ್ಣು ಏರಿಸಿ, ಮೊಳಕೆ ಮೇಲೆ ಬರುವಂತೆ ಅಕ್ಕನೇ ನೆಟ್ಟಳು.

ಹೊರಡುವಾಗ ಗೇಟಿನ ಹತ್ತಿರ ಹಳದಿ ಚುಕ್ಕೆಯ ಕ್ರೋಟನ್ ಕಂಡಿತು. ನನ್ನ ಕಣ್ಣು ಹೋದದ್ದನ್ನು ನೋಡಿದ ಅಕ್ಕ ಮರ್ಯಾದೆಯಿಂದ ಹಟ್ಟಿಯ ಕಡೆ ಮುಖ ತಿರುಗಿಸಿದಳು. ನನಗೆ ಎಲ್ಲಿಂದಲೋ ಉರಿದು ಬಂತು.

"ತಿರುಗ್ಬೇಡ. ಇಲ್ಲಿ ನೋಡು. ಇದರ ಒಂದು ಗೆಲ್ಲು ಕೊಡು."

"ಕೇಳಿದ್ರೆ ಹಿಡಿಯುದಿಲ್ಲ ಮಾರಾಯ!"

"ಹಿಡಿಯದಿದ್ರೆ ಬೇಡ. ನೀನೇ ಮುರಿದು ಕೈಯಲ್ಲಿ ಕೊಡು."

ಕೊಟ್ಟಳು, ತಲೆ ಕೆಟ್ಟವನಿಗೆ ಕೊಡುವ ಹಾಗೆ.

ನಿನ್ನೆ ಅಕ್ಕ ಫೋನು ಮಾಡಿದ್ದಳು. ಕೊಕ್ಕರೆ ಗಿಡಕ್ಕೆ ಎಲೆ ಬಂದಿದೆಯಂತೆ, ಒಂದೇ, ಬೆರಳು ಬಿಡಿಸಿದೆಯಂತೆ. ಅಳಿಯ ಅದರ ಸುತ್ತ ಅಡಿಕೆ ಹರಡುವಾಗ ಒಂದು ಮೊಳ ಜಾಗ ಬಿಡುತ್ತಾನಂತೆ.

"ನಿನ್ನ ಕ್ರೋಟನ್?"

ಗೆಲ್ಲು ಇಟ್ಟ ಬಾಟಲಿಯ ನೀರು ದಿನವೂ ಬದಲಿಸುತ್ತೇನೆ. ಎಲೆಯೆಲ್ಲ ಉದುರಿದೆ. ಬೇರಿನ ಸುಳಿವಿಲ್ಲ.

"ಬರ್ತಾ ಉಂಟು" ಎಂದೆ.